ಹಿಂಬರಹ ಹೊತ್ತು ಸರೋವರದೂರಿಗೆ

ಹಾಸನ

ನಾನು ಪರದೇಶ ಕಂಡದ್ದು ಒಂದೇ ಸಲ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು, ಅದರಲ್ಲೂ ಬಹುಕಾಲ ಠಾಣೆಯ ರೈಟರಾಗಿ ಕಾಗದದ ನಡುವೆಯೇ ತಲೆ ಬೆಳ್ಳಗೆ ಮಾಡಿಕೊಂಡು, ನಿವೃತ್ತಳಾದ ಮರುವರ್ಷ ಕೆನಡಾಕ್ಕೆ ಹೋಗಿ ಒಂದೂವರೆ ತಿಂಗಳು ಇದ್ದು ಬಂದೆ. ಕರೆಸಿಕೊಂಡವಳು ನನ್ನ ತಂಗಿಯ ಮಗಳು ರೂಪ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಅವಳು ನರ್ಸು. ಮದುವೆ ಮಕ್ಕಳ ರಗಳೆ ನನಗಿರಲಿಲ್ಲ, ಅವಳನ್ನು ಅರ್ಧ ಬೆಳೆಸಿದವಳು ನಾನೇ. "ಯೂನಿಫಾರಂ ಬಿಚ್ಚಿಟ್ಟಾಯ್ತಲ್ಲ ದೊಡ್ಡಮ್ಮ, ಇನ್ನೇನ್ ನೆಪ?" ಎಂದು ವರ್ಷವಿಡೀ ಪೀಡಿಸಿದಳು.

ನೆಪ ಇರಲಿಲ್ಲ. ರಾಗಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಂಡೆ. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲವನ್ನೂ ನನ್ನ ನೀಲಿ ಫೈಲಿಗೆ ತುರುಕಿದೆ. ಆ ಫೈಲು ಠಾಣೆಯ ಮೇಜು ಖಾಲಿ ಮಾಡಿದ ದಿನ ನನ್ನ ಜೊತೆ ಮನೆಗೆ ಬಂದದ್ದು. ಅದರ ಒಳಜೇಬಿನಲ್ಲಿ ಏನಿದೆ ಎಂದು ನೋಡಲಿಲ್ಲ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಗೊತ್ತಿದ್ದೂ ನೋಡದ ಹಾಗೆ ಇದ್ದೆ.

ಅದರಲ್ಲಿದ್ದದ್ದು ಒಂದು ಹಿಂಬರಹ. ದೂರು ಕೊಟ್ಟವರಿಗೆ ನಿಮ್ಮ ದೂರು ಹೀಗಾಯಿತು ಎಂದು ಇಲಾಖೆ ಕೊಡುವ ಉತ್ತರದ ಕಾಗದ. ಅರಕಲಗೂಡಿನ ಟೈಲರ್ ನಂಜುಂಡನ ಹೆಸರಿಗೆ ಬಂದಿತ್ತು. ಯಾವುದೋ ಸ್ಕೂಟರ್ ಕಳುವಿನ ಅನುಮಾನದ ಮೇಲೆ ಅವನನ್ನು ನಮ್ಮ ಠಾಣೆಗೆ ಕರೆತಂದು ಎರಡು ದಿನ ಕೂರಿಸಿಕೊಂಡಿದ್ದರು. ಮೇಜಿನ ಮೇಲಿಟ್ಟಿದ್ದ ಅವನ ಬಲಗೈ ಮೇಲೆ ಸಾಹೇಬರ ಲಾಠಿ ಬಿತ್ತು, ಹೆಬ್ಬೆರಳು ಮುರಿಯಿತು. ಸ್ಕೂಟರು ಆಮೇಲೆ ಬೇರೆಲ್ಲೋ ಸಿಕ್ಕಿತು. ಠಾಣೆಯ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಕೊಡಬೇಕಾದ ಕಡೆ ಕೊಟ್ಟ ಹೇಳಿಕೆಯಲ್ಲಿ ಅದಿದೆ, ವಿಚಾರಣೆ ಇನ್ನು ನಡೆಯಬೇಕು.

ಠಾಣೆಯ ದಿನಚರಿ ಬರೆಯುವವರಿಗೆ ಒಂದು ಹಳೇ ಪದ್ಧತಿ ಉಂಟು. ಯಾರನ್ನಾದರೂ ಸುಮ್ಮನೆ ವಿಚಾರಿಸಲು ಕರೆತಂದರೆ ಆ ಹೊತ್ತಿಗೆ ಎರಡು ಗೆರೆ ಖಾಲಿ ಬಿಡುವುದು. ಅವನೇ ಕಳ್ಳ ಎಂದಾದರೆ ಆ ಗೆರೆಗಳಲ್ಲಿ ದಸ್ತಗಿರಿ ಬರೆಯುವುದು, ಬಿಟ್ಟು ಕಳಿಸಿದರೆ 'ಸಿಬ್ಬಂದಿ ಗಸ್ತು ಮುಗಿಸಿ ವಾಪಸಾದರು' ಎಂದು ತುಂಬುವುದು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಎಲ್ಲ ಸಾಹೇಬರೂ ಹೊಗಳುತ್ತಿದ್ದರು. ನಂಜುಂಡನ ಎರಡು ದಿನವನ್ನು ಅದೇ ಅಕ್ಷರದಲ್ಲಿ ಗಸ್ತು ಮಾಡಿ ಮುಗಿಸಿದವಳು ನಾನು.

ಅವನು ದೂರು ಕೊಟ್ಟ. ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕೇಳಿದಾಗ ನೆನಪಿಲ್ಲ ಎಂದೆ. ಸಾಕ್ಷ್ಯ ಸಾಲದೆಂದು ದೂರು ಮುಕ್ತಾಯವಾಯಿತು, ದೂರುದಾರನಿಗೆ ಕೊಡಿ ಎಂದು ಹಿಂಬರಹ ನನ್ನ ಟಪಾಲಿಗೆ ಬಂತು. ಸಾಹೇಬರು, ಅದನ್ನು ಕೊಟ್ಟರೆ ಅವನು ಪೊಲೀಸರ ಮೇಲಿನ ದೂರು ಪ್ರಾಧಿಕಾರಕ್ಕೆ ಹೋಗುತ್ತಾನೆ, ಸದ್ಯ ಇಟ್ಟುಕೊಂಡಿರಿ ಎಂದರು. ಇಟ್ಟುಕೊಂಡೆ. ನಂಜುಂಡನ ಹೆಂಡತಿ ಜಯಮ್ಮ ಅಂಗಡಿಗೆ ರಜೆಯಿರುವ ಪ್ರತಿ ಮಂಗಳವಾರ ಬಸ್ಸು ಹತ್ತಿ ಬಂದು ನನ್ನ ಮೇಜಿನೆದುರು ನಿಲ್ಲುತ್ತಿದ್ದಳು. "ನಮ್ದು ಏನಾಯ್ತು ರೈಟ್ರಮ್ಮ?" ಎಂದು ಕೇಳುತ್ತಿದ್ದಳು. "ನಡೀತಾ ಐತೆ ಕಣಮ್ಮ" ಎನ್ನುತ್ತಿದ್ದೆ. ಮುಗಿದುಹೋದ ವಿಚಾರಣೆಯನ್ನು ಒಂದು ವರ್ಷ ನಡೆಸಿದೆ. ಆಮೇಲೆ ಅವಳು ಬರುವುದನ್ನು ಬಿಟ್ಟಳು.

ಮೋಡದ ಮೇಲೆ

ವಿಮಾನದಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಕೆಳಗೆ ಹತ್ತಿ ಹಿಂಜಿ ಹರವಿದ ಹಾಗೆ ಮೋಡ. ಸೂರ್ಯ ನಮ್ಮ ಜೊತೆಗೇ ಓಡಿ ಬರುತ್ತಿದ್ದರಿಂದ ಹೊತ್ತು ಮುಳುಗಲೇ ಇಲ್ಲ. ಎಷ್ಟು ಸಲ ಮಲಗಿದೆನೋ ಎಷ್ಟು ಸಲ ಎದ್ದೆನೋ, ಎದ್ದಾಗಲೆಲ್ಲ ಅದೇ ಬೆಳಕು, ಅದೇ ಮಧ್ಯಾಹ್ನ. ಗಂಟೆ ಗಂಟೆಗೂ ಸಮಯ ಹಾಕಿ ದಿನಚರಿ ಬರೆದ ನನಗೆ, ಸಮಯವೇ ಇಲ್ಲದ ಕಡೆ ಯಾರೋ ನನ್ನನ್ನು ತೇಲಿಬಿಟ್ಟಂತೆ ಅನಿಸಿ ಹಿತವಾಯಿತು.

ಇಳಿದ ಮೇಲೆ ಕಸ್ಟಮ್ಸಿನ ಹುಡುಗಿಯೊಬ್ಬಳು ರಾಗಿಹಿಟ್ಟಿನ ಪೊಟ್ಟಣ ಎತ್ತಿ ಇದೇನೆಂದು ಕೇಳಿದಳು. ನಾನು ಕೈ ಕಟ್ಟಿ ನಿಂತು, ನನ್ನ ಹೆಸರು, ತಂದೆಯ ಹೆಸರು, ವಯಸ್ಸು, ವಾಸಸ್ಥಳ ಎಲ್ಲ ಹೇಳಿ, ಆಮೇಲೆ ಹಿಟ್ಟಿನ ವಿಷಯಕ್ಕೆ ಬಂದೆ. ಜನ್ಮವಿಡೀ ಬೇರೆಯವರ ಹೇಳಿಕೆ ಬರೆದುಕೊಂಡು ನನಗೆ ಬೇರೆ ಥರ ಮಾತಾಡಲು ಬರುತ್ತಿರಲಿಲ್ಲ. ಅವಳು ಸಾವಧಾನವಾಗಿ ಪೂರ್ತಿ ಕೇಳಿ, ಹೋಗಿ ಬನ್ನಿ ಎಂದು ನಕ್ಕಳು. ನೀಲಿ ಫೈಲನ್ನು ತೆರೆದು ನೋಡಲಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂದವರೂ ಯಾರೂ ಇರಲಿಲ್ಲ.

ಸರೋವರದೂರು

ರೂಪ ಇರುವ ಊರಿನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಸರೋವರದೂರು ಎಂದೇ ಕರೆದೆ. ಹೊಳೆನರಸೀಪುರದಷ್ಟೂ ದೊಡ್ಡದಲ್ಲ. ಊರಿನ ಮುಂದೆ ಆಚೆ ದಡ ಕಾಣದ ನೀರು. ಬೆಳಗಿನಲ್ಲಿ ನೀರಿನಿಂದ ಎದ್ದ ಮಂಜು ಬೀದಿಗಿಳಿದು, ಅಂಗಡಿಗಳ ಬಾಗಿಲು ಸವರಿಕೊಂಡು, ಹತ್ತು ಗಂಟೆಯ ಹೊತ್ತಿಗೆ ಮೆಲ್ಲಗೆ ಎದ್ದು ಹೋಗುತ್ತಿತ್ತು. ನನ್ನ ನಿದ್ದೆ ಇನ್ನೂ ಹಾಸನದ ಗಡಿಯಾರದಲ್ಲೇ ಇತ್ತು. ರೂಪ ಡ್ಯೂಟಿಗೆ ಹೋದ ಮೇಲೆ ದಡದ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ, ಕೂತಲ್ಲೇ ತೂಕಡಿಸುತ್ತಿದ್ದೆ.

ತೂಕಡಿಕೆಯಲ್ಲಿ ಅದು ಹೇಮಾವತಿಯ ಹಿನ್ನೀರಾಗಿಬಿಡುತ್ತಿತ್ತು. ಕಾನ್ಸ್‌ಟೇಬಲ್ ಆಗಿ ಸೇರಿದ ಹೊಸತರಲ್ಲಿ ಶೆಟ್ಟಿಹಳ್ಳಿಯಲ್ಲಿ ಮುಳುಗಿದ ಚರ್ಚು ನೋಡಲು ಬರುವ ಜನರಿಗೆ ಬಂದೋಬಸ್ತು ಹಾಕುತ್ತಿದ್ದರು. ಮಳೆಗಾಲದಲ್ಲಿ ಆ ಗೋಡೆಗಳು ಕತ್ತಿನವರೆಗೆ ನೀರಿನಲ್ಲಿ, ಬೇಸಿಗೆಯಲ್ಲಿ ಬುಡದ ಕಲ್ಲಿನವರೆಗೆ ಬಯಲು. ನೀರು ಇಳಿಯುವುದನ್ನು ಯಾರಿಂದಲೂ ತಡೆಯಲಾಗುವುದಿಲ್ಲ ಎಂದು ಆಗ ಒಬ್ಬ ಮೀನುಗಾರ ಹೇಳಿದ್ದ. ಸರೋವರದೂರಿನ ಬೆಂಚಿನ ಮೇಲೆ ಅದು ಯಾಕೋ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅಲ್ಲಿನ ಜನರ ಚಾಳಿಗಳು ವಿಚಿತ್ರ. ನಾನು ಅವರ ಕಾಲು ತುಳಿದರೆ ಅವರೇ ಸಾರಿ ಕೇಳುತ್ತಾರೆ. ನಾನು ಇನ್ನೂ ಮಾರುದೂರದಲ್ಲಿರುವಾಗಲೇ ಬಾಗಿಲು ಹಿಡಿದು ಕಾಯುತ್ತಾರೆ, ಅವರಿಗೆ ತೊಂದರೆಯಾಗಬಾರದೆಂದು ನಾನು ಸೀರೆ ಎತ್ತಿಕೊಂಡು ಓಡಬೇಕು. ಮನುಷ್ಯರ ಹೆಸರು ಕೇಳುವ ಮೊದಲು ನಾಯಿಯ ಹೆಸರು ಕೇಳುತ್ತಾರೆ. ಒಂದು ದಿನ ಸೈಕಲ್ಲಿನ ಮೇಲೆ ಒಬ್ಬ ಎಳೇ ಪೊಲೀಸು ಬಂದ. ಅವನ ಭುಜದ ಪಟ್ಟಿ ಕಂಡದ್ದೇ ತಡ, ನನ್ನ ಕೈ ತಾನಾಗಿ ಮೇಲೆದ್ದು ಸೆಲ್ಯೂಟ್ ಹೊಡೆಯಿತು. ಅವನು ಗಾಬರಿಯಾಗಿ ಒಂದು ಕೈ ಬಿಟ್ಟು ತಾನೂ ಸೆಲ್ಯೂಟ್ ಹೊಡೆಯಲು ಹೋಗಿ ಬೇಲಿಗೆ ಒರಗಿದ. ರೂಪ ಈ ಕಥೆಯನ್ನು ಆಶ್ರಮದ ಎಲ್ಲ ಅಜ್ಜ ಅಜ್ಜಿಯರಿಗೂ ಹೇಳಿ ನಗಿಸಿದಳು.

ಲೈಬ್ರರಿಯ ಹೊರಗೆ ಒಂದು ಗಾಜಿನ ಹಲಗೆ ಇತ್ತು. ಕಳೆದ ಬೆಕ್ಕು, ಹಾಡು ಕಲಿಸುವವರು, ಸೂಪು ಕೂಟ, ಇವುಗಳ ನಡುವೆ ಒಂದು ಅಚ್ಚು ಹಾಕಿದ ಹಾಳೆ. ನನಗೆ ಓದುವಷ್ಟು ಇಂಗ್ಲಿಷ್ ಬರುತ್ತದೆ. ಆ ತಿಂಗಳು ಊರಿನ ಪೊಲೀಸರ ಮೇಲೆ ಬಂದ ದೂರುಗಳು, ಯಾರು ವಿಚಾರಿಸಿದರು, ಏನು ತೀರ್ಮಾನವಾಯಿತು ಎಂದು ಅದರಲ್ಲಿತ್ತು. ಕೆಲವು ಹೆಸರುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಅಂತೂ ಇವರೂ ಮುಚ್ಚುತ್ತಾರೆ ಎಂದು ಒಂದು ಗಳಿಗೆ ಖುಷಿಯಾಯಿತು. ಮುಚ್ಚಿದ್ದು ಎಲ್ಲಿ ಎಂದು ಇವರು ಕಪ್ಪಗೆ ತೋರಿಸುತ್ತಾರೆ, ನಾವು ಬೆಳ್ಳಗೆ ಬಿಟ್ಟು ಆಮೇಲೆ ಚೆಂದದ ಅಕ್ಷರ ತುಂಬುತ್ತೇವೆ. ಹಾಗನ್ನಿಸಿದ ಮೇಲೆ ಖುಷಿ ಹೋಯಿತು. ಬೆಕ್ಕಿನ ಫೋಟೋ ನೋಡುವವಳಂತೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಟೌನ್ ಹಾಲ್

ಆ ಹಾಳೆಯ ಕೆಳಗೆ, ಪೊಲೀಸ್ ಮಂಡಳಿಯ ಸಭೆ ಇಂಥ ದಿನ ಮಧ್ಯಾಹ್ನ, ಎಲ್ಲರೂ ಬರಬಹುದು ಎಂದು ಬರೆದಿತ್ತು. ರೂಪನಿಗೆ ಅವತ್ತು ರಜೆ. ತಿರುಗಾಡಲು ಬಂದವಳು ಪೊಲೀಸರ ಸಭೆಗೆ ಯಾಕೆ, ಜಲಪಾತ ತೋರಿಸುತ್ತೇನೆ ಬಾ ಎಂದಳು. ನಮ್ಮ ಕಸುಬಿನವರು ಹೇಗಿದ್ದಾರೆ ನೋಡುವ ಆಸೆ ಎಂದೆ. ಅದು ಅರ್ಧ ನಿಜ.

ಸಭೆ ಎಂದರೆ ಹೂಗುಚ್ಛ, ಶಾಲು, ಸ್ವಾಗತ ಭಾಷಣ ಇರುತ್ತದೆಂದು ರೇಷ್ಮೆ ಸೀರೆ ಉಟ್ಟು ಹೋದೆ. ಅಲ್ಲಿದ್ದದ್ದು ಇಪ್ಪತ್ತೋ ಮೂವತ್ತೋ ಮಡಿಸುವ ಕುರ್ಚಿ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಸ್ವೆಟರ್ ಹೆಣೆಯುತ್ತಿದ್ದಳು. ಮಂಡಳಿಯವರು ಐದು ಜನ, ಯಾರೂ ಪೊಲೀಸರಲ್ಲ. ಅಧ್ಯಕ್ಷೆ ಹಲ್ಲಿನ ಡಾಕ್ಟರಂತೆ. ಕಿಟಕಿಯಿಂದ ಸರೋವರದ ಬೆಳಕು ಬಂದು ಚಾವಣಿಯ ಮೇಲೆ ಅಲೆಯಾಡುತ್ತಿತ್ತು. ನನಗೆ ಮತ್ತೆ ತೂಕಡಿಕೆ.

ಅಧ್ಯಕ್ಷೆ ಒಂದು ದೂರಿನ ವಿವರ ಓದತೊಡಗಿದರು, ರೂಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಒಬ್ಬ ಪೊಲೀಸು ಒಬ್ಬ ಅಜ್ಜಿಯನ್ನು ಬಸ್ ನಿಲ್ದಾಣದ ಬೆಂಚಿನಿಂದ ತೋಳು ಹಿಡಿದು ಎಬ್ಬಿಸಿದ್ದ, ತೋಳು ಕಂದಿತ್ತು. ವಿಚಾರಣೆಯಲ್ಲಿ ಪೊಲೀಸಿನದೇ ತಪ್ಪೆಂದಾಯಿತು. ಅವನ ಹೆಸರು ಓದಿದರು, ಅವನಿಗೆ ಏನು ಶಿಕ್ಷೆ ಎಂದೂ ಓದಿದರು. ಆ ಅಜ್ಜಿ ಎರಡನೇ ಸಾಲಿನಲ್ಲೇ ಪೆಪ್ಪರಮಿಂಟು ಚೀಪುತ್ತ ಕೂತಿದ್ದಳು. ನಮ್ಮ ಪಕ್ಕದ ಗಂಡಸೊಬ್ಬ ರೂಪನ ಕಡೆ ಬಗ್ಗಿ, ಹೀಗೆ ಓದುವುದೇನೋ ಓದುತ್ತಾರೆ, ಮುಂದಿನ ತಿಂಗಳು ಇನ್ನೊಂದು ಇರುತ್ತದೆ ಎಂದು ಗೊಣಗಿದ. ದೂರದ ಬೆಟ್ಟ ನುಣ್ಣಗೆ ಎಂದುಕೊಂಡೆ. ಆದರೂ ತೋಳು ಕಂದಿದ್ದಕ್ಕೆ ಇಷ್ಟು ಜನ ಕೂತು ಕೇಳುವುದನ್ನು ನಾನು ಹಿಂದೆ ಕಂಡಿರಲಿಲ್ಲ. ನಂಜುಂಡನ ಹೆಬ್ಬೆರಳು ಕಣ್ಣ ಮುಂದೆ ಬಂತು.

ಓದಿ ಮುಗಿಸಿದ ಅಧ್ಯಕ್ಷೆ ಕನ್ನಡಕ ತೆಗೆದು ಏನೋ ಹೇಳಿದರು. ಪ್ರಶ್ನೆ ಇರುವವರು ಎದ್ದು ನಿಲ್ಲಿ ಎಂದದ್ದಂತೆ, ಆಮೇಲೆ ಗೊತ್ತಾಯಿತು. ಅದೇ ಹೊತ್ತಿಗೆ ಪಕ್ಕದ ಬಾಗಿಲಿನಿಂದ ಊರಿನ ಪೊಲೀಸ್ ಮುಖ್ಯಸ್ಥರು ಟೋಪಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಸಾಹೇಬರು ಬಂದಾಗ ಮೂವತ್ತು ವರ್ಷ ಏನು ಮಾಡಿದ್ದೆನೋ ಅದನ್ನೇ ಮಾಡಿದೆ. ಕುರ್ಚಿ ಹಿಂದಕ್ಕೆ ತಳ್ಳಿ, ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ ಎದ್ದು ನಿಂತೆ. ಇಡೀ ಸಭೆಯಲ್ಲಿ ನಿಂತವಳು ನಾನೊಬ್ಬಳೇ. ಸಾಹೇಬರೂ ಕೂಡ ಕೂತುಬಿಟ್ಟಿದ್ದರು.

ಅಧ್ಯಕ್ಷೆ ನನ್ನ ಕಡೆ ನೋಡಿ ಮುಗುಳ್ನಕ್ಕರು. ಯಾರೋ ಮೈಕು ತಂದು ಕೈಗಿಟ್ಟರು. ರೂಪ ಸೆರಗು ಜಗ್ಗಿ "ಕೂತ್ಕೋ ದೊಡ್ಡಮ್ಮ" ಎಂದಳು. ಕೂರಬಹುದಿತ್ತು, ನಗಾಡಿ ಬಿಟ್ಟುಬಿಡುತ್ತಿದ್ದರು. ಆದರೆ ಮೈಕು ಕೈಗೆ ಬಂದ ಮೇಲೆ ನನ್ನ ಬಾಯಿಂದ ಹೊರಟದ್ದು ನಾನು ಯೋಚಿಸಿರದ ಪ್ರಶ್ನೆ.

"ಈ ಉತ್ತರದ ಕಾಗದನ ಆ ಅಜ್ಜಿ ಕೈಗೆ ಯಾರು ಕೊಟ್ರು ಅಂತ ಕೇಳು" ಎಂದೆ.

ರೂಪ ಕೇಳಿದಳು. ಮುಖ್ಯಸ್ಥರು ಎದ್ದು, ನಾನೇ ಅವರ ಮನೆಗೆ ಹೋಗಿ ಕೊಟ್ಟೆ, ಆದರೆ ಮೂರು ವಾರ ತಡವಾಯಿತು, ತಡವಾಯಿತೆಂಬುದೂ ವರದಿಯಲ್ಲಿದೆ ಎಂದರು. ಅಷ್ಟರಲ್ಲಿ ಆ ಅಜ್ಜಿ ತಿರುಗಿ ನನ್ನನ್ನೇ ನೋಡಿ ನಿಧಾನವಾಗಿ ಏನೋ ಹೇಳಿದಳು. ರೂಪನ ಅನುವಾದ ನನಗೆ ಬೇಕಾಗಲಿಲ್ಲ, ಅಷ್ಟು ಸರಳವಾದ ಮಾತು. ಆ ಮೂರು ವಾರ ದಿನಾ ಬೆಳಿಗ್ಗೆ ಹೋಗಿ ಟಪಾಲಿನ ಡಬ್ಬಿ ತೆಗೆದು ನೋಡುತ್ತಿದ್ದೆ, ತೋಳಿಗಿಂತ ಅದೇ ಹೆಚ್ಚು ನೋಯಿಸಿತು ಎಂದಳು.

ಥ್ಯಾಂಕ್ಯೂ ಸಾರ್ ಎಂದು ಮೈಕು ಕೊಟ್ಟು ಕೂತೆ. ಚಾವಣಿಯ ಮೇಲೆ ನೀರಿನ ಬೆಳಕು ಹಾಗೇ ಆಡುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸು ಪ್ರತಿ ಮಂಗಳವಾರ ಬಸ್ಸಿಳಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಮೇಜಿನ ಕಡೆ ನಡೆದು ಬರುತ್ತಲೇ ಇದ್ದಳು.

ದಡದ ಬೆಂಚು

ಮನೆಗೆ ಹೋಗುವ ದಾರಿಯಲ್ಲಿ ಅದೇ ಬೆಂಚಿನ ಮೇಲೆ ಕೂತು ರೂಪನಿಗೆ ಎಲ್ಲ ಹೇಳಿದೆ. ಹೇಳುವಾಗ ನನಗೆ ಸಾಹೇಬರ ಭಯ, ಕೆಲಸದ ಕಷ್ಟ, ಎಲ್ಲರೂ ಮಾಡುವುದೇ ಹಾಗೆ ಎಂಬ ಮಾತುಗಳೆಲ್ಲ ಸರಾಗವಾಗಿ ಬಂದವು. ಮನೆ ಮುಟ್ಟಿದ ಮೇಲೆ ಅವಳು ನೀಲಿ ಫೈಲು ತಂದು ಒಳಜೇಬಿನ ಕಾಗದ ತೆಗೆದಳು. ಮಡಿಕೆ ಹರಿಯುವ ಹಾಗಿತ್ತು. ನನ್ನ ಕೈಯಲ್ಲಿ ಬೆಳೆದ ಹುಡುಗಿ ಅದನ್ನು ಪೂರ್ತಿ ಓದಲೂ ಇಲ್ಲ. ಮೇಲಿನ ವಿಳಾಸದ ಮೇಲೆ ಬೆರಳಿಟ್ಟು ತೋರಿಸಿದಳು.

"ಅಡ್ರೆಸ್ ನೋಡು ದೊಡ್ಡಮ್ಮ. ಇದು ನಿಂದಲ್ಲ."

ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ಆಮೇಲಿನ ದಿನಗಳಲ್ಲಿ ಜಲಪಾತ ನೋಡಿದೆ, ದೋಣಿಯಲ್ಲಿ ಕೂತೆ, ಕೆಂಪಾದ ಎಲೆಗಳ ಕಾಡಿನಲ್ಲಿ ನಡೆದೆ. ಎಲ್ಲವೂ ಚೆಂದವೇ. ಆದರೆ ಗಾಜಿನ ಆಚೆಯಿಂದ ನೋಡಿದ ಹಾಗೆ ನೋಡಿದೆ, ಮನಸ್ಸು ಆಗಲೇ ಅರಕಲಗೂಡಿನ ಬಸ್ಸು ಹತ್ತಿ ಕೂತಿತ್ತು.

ಚನ್ನರಾಯಪಟ್ಟಣ

ಬೆಂಗಳೂರಿನಿಂದ ಹಾಸನದ ಬಸ್ಸು. ಹಿರೀಸಾವೆಯ ಹೋಟೆಲಿನೆದುರು ನಿಂತಾಗ ಇಳಿದು ಕಾಫಿ ಕುಡಿದೆ. ಬಾಗಿಲು ಹಿಡಿದು ಹಿಂದಿನವರಿಗಾಗಿ ಕಾದೆ. ಮೂರು ಜನ ನುಗ್ಗಿ ಹೋದರು, ನಾಲ್ಕನೆಯವರು ನನ್ನನ್ನು ಹೋಟೆಲಿನ ಕೆಲಸದವಳೆಂದುಕೊಂಡು ಎರಡು ಇಡ್ಲಿ ಹೇಳಿದರು. ಊರಿಗೆ ಬಂದೆ ಎನ್ನುವುದು ಖಾತ್ರಿಯಾಯಿತು.

ಚನ್ನರಾಯಪಟ್ಟಣದಲ್ಲಿ ಬ್ಯಾಗಿನೊಡನೆ ಇಳಿದೆ. ಆ ಕಾಲದ ಸಾಹೇಬರು ನಿವೃತ್ತರಾಗಿ ಅಲ್ಲೇ ತೆಂಗಿನ ತೋಟದ ಮನೆಯಲ್ಲಿದ್ದರು. ಬೆನ್ನ ಹಿಂದೆ ಏನೂ ಮಾಡಬಾರದು ಎಂಬುದೊಂದು ಹಟ ನನಗೆ. ಅವರು ಬಹಳ ಆದರದಿಂದ ಕೂರಿಸಿ, ಎಳನೀರು ಕೆತ್ತಿಸಿ ಕೊಟ್ಟರು. ಮೊದಲಿನ ಗತ್ತಿರಲಿಲ್ಲ, ಮಂಡಿ ನೋವಿಗೆ ಪಟ್ಟಿ ಸುತ್ತಿಕೊಂಡಿದ್ದರು. ಹಿಂಬರಹವನ್ನು ನಂಜುಂಡನಿಗೆ ಕೊಡುತ್ತೇನೆ, ನಡೆದದ್ದನ್ನು ಬರೆದುಕೊಡುತ್ತೇನೆ ಎಂದೆ.

ಅವರು ಮಂಡಿಯ ಪಟ್ಟಿ ಬಿಗಿ ಮಾಡಿಕೊಂಡರು. "ಯಾಕ್ ಮೇಡಂ, ಬುಡಿ. ಅವ್ನೇ ಮರ್ತಿರ್ತಾನೆ. ಬರ್ದುಕೊಟ್ರೆ ನನ್ನೊಬ್ಬನ ಎಸ್ರಲ್ಲ ಕೆಡೋದು, ನಿಮ್ದೂ ಕೆಡ್ತದೆ" ಎಂದರು.

ಅದು ಬೆದರಿಕೆಯಾಗಿರಲಿಲ್ಲ, ಬರೀ ನಿಜ. ಅವರು ಕೆಟ್ಟವರು ಎಂದು ಬರೆದರೆ ನನಗೆ ಸುಲಭವಾಗುತ್ತಿತ್ತು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಕೇಳದೆಯೇ ರಜೆ ಕೊಟ್ಟವರು ಅವರು. ಅವತ್ತು ಆ ಒಂದು ಗಳಿಗೆಯ ಸಿಟ್ಟಿನಲ್ಲಿ ಲಾಠಿ ಎತ್ತಿದವರೂ ಅವರೇ. ಹೊರಡುವಾಗ ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದಿತು, ಅರ್ಧದಲ್ಲಿ ಅದನ್ನು ನಮಸ್ಕಾರ ಮಾಡಿ ಹೊರಟೆ.

ಹೊಳೆನರಸೀಪುರ

ಹಾಸನದಿಂದ ಅರಕಲಗೂಡಿಗೆ ನೇರ ಬಸ್ಸಿದೆ. ನಾನು ಎರಡು ದಿನ ಮನೆಯಲ್ಲಿ ಬಟ್ಟೆ ಒಗೆದು, ಧೂಳು ಹೊಡೆದು, ಮೂರನೆಯ ದಿನ ಹೊಳೆನರಸೀಪುರದ ಬಸ್ಸು ಹತ್ತಿ ಸುತ್ತಿ ಬಳಸಿ ಹೋದೆ. ಕೆನಡಾಕ್ಕೆ ಹೋಗುವಾಗ ಆಗದ ಪುಕ್ಕಲು ಅರಕಲಗೂಡಿಗೆ ಹೋಗುವಾಗ ಆಯಿತು ಎಂದರೆ ನಗಬೇಡಿ. ಹೊಳೆಯ ಸೇತುವೆ ದಾಟುವಾಗ ನಿದ್ದೆ ಕವಿಯಿತು. ನಿದ್ದೆಯಲ್ಲಿ ಹೇಮಾವತಿಯ ಆಚೆ ದಡ ಕಾಣಲಿಲ್ಲ, ದಡದಲ್ಲಿ ಒಬ್ಬ ಅಜ್ಜಿ ಟಪಾಲಿನ ಡಬ್ಬಿ ತೆರೆದು ಇಣುಕುತ್ತಿದ್ದಳು. ಕಂಡಕ್ಟರು ತಟ್ಟಿ ಎಬ್ಬಿಸಿದಾಗ ಹೊಳೆನರಸೀಪುರದ ನಿಲ್ದಾಣದಲ್ಲಿದ್ದೆ. ಅಲ್ಲಿಂದ ಅರಕಲಗೂಡಿನ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ.

ಅರಕಲಗೂಡು

ನಂಜುಂಡನ ಅಂಗಡಿ ಬಸ್ ನಿಲ್ದಾಣದಿಂದ ಕೂಗಳತೆ. ಗಾಜಿನ ಬಾಗಿಲಿನ ಮೇಲೆ ಬ್ಲೌಸಿನ ಕತ್ತಿನ ಡಿಸೈನುಗಳ ಚಿತ್ರ. ಒಳಗೆ ಜಯಮ್ಮ ಬಟ್ಟೆ ಕತ್ತರಿಸುತ್ತಿದ್ದಳು, ಅವನು ಎಡಗೈಯಲ್ಲಿ ಬಟ್ಟೆ ಸರಿಸುತ್ತ ಮಿಷನ್ ತುಳಿಯುತ್ತಿದ್ದ. ಬಲಗೈ ಹೆಬ್ಬೆರಳು ಅಡ್ಡಕ್ಕೆ ನಿಂತುಬಿಟ್ಟಿತ್ತು. ಕತ್ತರಿ ಹೆಂಡತಿಯ ಕೈಗೆ ಯಾಕೆ ಬಂತೆಂದು ಕೇಳಬೇಕಾಗಿರಲಿಲ್ಲ.

ಅವಳು ತಲೆಯೆತ್ತಿ ನೋಡಿದಳು. ಸೀರೆಯಲ್ಲಿದ್ದ ನನ್ನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬೆಂಚಿನ ಮೇಲಿದ್ದ ಬಟ್ಟೆ ಸರಿಸಿ ಕೂರಲು ಜಾಗ ಮಾಡಿದಳು. ನಮ್ಮವರಿಗೆ ಶತ್ರುವಿಗೂ ಮೊದಲು ನೀರು ಕೊಟ್ಟೇ ರೂಢಿ, ಚೊಂಬು ಬಂತು. ನಾನು ನೀರು ಮುಟ್ಟದೆ ಕಾಗದ ತೆಗೆದು ಎರಡು ಕೈಯಲ್ಲಿ ಅವನಿಗೆ ಕೊಟ್ಟೆ. ಇದು ನಿಮ್ಮದು, ನಾಲ್ಕು ವರ್ಷದಿಂದ ನನ್ನ ಹತ್ತಿರ ಇತ್ತು, ನಿಮ್ಮ ದೂರು ಆವತ್ತೇ ಮುಗಿದಿತ್ತು ಎಂದೆ. ಅಷ್ಟು ಹೇಳುವುದಕ್ಕೆ ಹದಿನಾರು ಸಾವಿರ ಮೈಲಿ ಸುತ್ತಿದ ಹಾಗಾಗಿತ್ತು.

ಮಿಷನ್ ನಿಂತಿತು. ಜಯಮ್ಮ ಕತ್ತರಿ ಕೆಳಗಿಟ್ಟಳು. "ಅಂಗಾರೆ ನಾನು ಮಂಗ್ಳಾರ ಮಂಗ್ಳಾರ ಬತ್ತಿದ್ನಲ್ಲ" ಎಂದಳು. ನಾನು ತಲೆ ತಗ್ಗಿಸಿದೆ.

ಓದಿ ಹೇಳಿ ಎಂದ ನಂಜುಂಡ. ಅವನಿಗೆ ಓದಲು ಬರುತ್ತದೆ, ಆದರೆ ನನ್ನ ಬಾಯಿಂದಲೇ ಕೇಳಬೇಕಿತ್ತು. ಓದಿದೆ. ಇಲಾಖೆಯ ಕನ್ನಡದಲ್ಲಿ ಎಲ್ಲವೂ ಒಂದೇ ಉದ್ದದ ವಾಕ್ಯ. ನಡುವಿನಲ್ಲಿ 'ಸದರಿ ಠಾಣೆಯ ರೈಟರ್ ಅವರನ್ನು ವಿಚಾರಿಸಲಾಗಿ, ತಮಗೆ ಇದಾವುದೂ ನೆನಪಿರುವುದಿಲ್ಲವೆಂದು ತಿಳಿಸಿರುತ್ತಾರೆ' ಎಂದು ಬಂತು. ಅದನ್ನೂ ಓದಿದೆ.

ನಂಜುಂಡ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚು.

"ಅವತ್ತು ನೀವು ನೀರ್ ಕೊಟ್ರಿ ಕಣಕ್ಕ. ನನ್ ಕೈಲಿ ಲೋಟ ಇಡಿಯಕ್ಕಾಗ್ದೆ ನೀವೇ ಬಾಯ್ಗಿಟ್ರಿ. ನಂಗ್ ನೆನ್ಪೈತೆ. ನಿಮ್ಗೆ ನೆನ್ಪಿಲ್ಲ ಅಂತ ಬರ್ಸುದ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಲೋಟವನ್ನು ನಾನು ನಿಜವಾಗಿಯೂ ಮರೆತಿದ್ದೆ. ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಜಯಮ್ಮ ನನಗೆ ಸಮಾಧಾನ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಳು ನಿಲ್ಲುವವರೆಗೆ ಕಾದು, ಕೇಳಿದಳು.

"ಈಗ ನೆನ್ಪೈತಾ?"

"ಐತೆ."

ಅಳತೆ ಬರೆಯುವ ನೋಟ್‌ಬುಕ್ಕಿನಿಂದ ಎರಡು ಹಾಳೆ ಕಿತ್ತು ಕೊಟ್ಟಳು. ಕತ್ತರಿಸುವ ಮಣೆಯ ಮೇಲೆ ಹಾಳೆ ಇಟ್ಟು ಬರೆದೆ. ಯಾವ ದಿನ, ಯಾವ ಹೊತ್ತು, ಯಾರು ಕರೆತಂದರು, ಲಾಠಿ ಯಾರ ಕೈಯಲ್ಲಿತ್ತು, ದಿನಚರಿಯಲ್ಲಿ ಯಾವ ಎರಡು ಗೆರೆ ಬಿಟ್ಟೆ, ಆಮೇಲೆ ಅದರಲ್ಲಿ ಯಾವ ಸುಳ್ಳು ತುಂಬಿದೆ. ನೆನಪಿಲ್ಲ ಎಂದದ್ದೂ ಸುಳ್ಳು ಎಂದು ಬರೆದೆ. ಹಿಂಬರಹ ಕೊಡದೆ ಇಟ್ಟುಕೊಂಡದ್ದನ್ನೂ, ನಡೀತಾ ಇದೆ ಎಂದು ವರ್ಷವಿಡೀ ಹೇಳಿದ್ದನ್ನೂ ಬರೆದೆ. ಅಕ್ಷರ ಮುತ್ತಿನಂತೆ ಬರಲಿಲ್ಲ. ಆದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಗೆರೆ ಬಿಡಲಿಲ್ಲ. ಪೂರ್ತಿ ಹೆಸರು, ಇದ್ದ ಹುದ್ದೆ, ಹಾಸನದ ಮನೆಯ ವಿಳಾಸ ಹಾಕಿ ಸಹಿ ಮಾಡಿದೆ. ಇದನ್ನೂ ಹಿಂಬರಹವನ್ನೂ ಸೇರಿಸಿ ದೂರು ಪ್ರಾಧಿಕಾರಕ್ಕೆ ಕೊಡಿ, ಕರೆದಾಗ ನಾನು ಬರುತ್ತೇನೆ ಎಂದೆ.

ಬರೆಯುವಾಗ ಮಾತಿಗೆ ಮಾತು ಬಂದು ಸರೋವರದೂರಿನ ಗಾಜಿನ ಹಲಗೆಯ ಸುದ್ದಿ ಹೇಳಿದ್ದೆ. ಜಯಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಿರಲಿಲ್ಲ. ಅವಳು ಹಾಳೆಗಳನ್ನು ತೆಗೆದುಕೊಂಡು ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ಬಂದಳು. ಮೂಲವನ್ನು ಟ್ರಂಕಿನಲ್ಲಿಟ್ಟಳು. ಆಮೇಲೆ ಮೈದಾ ಅಂಟು ಸವರಿ, ನಕಲನ್ನು ಬಾಗಿಲಿನ ಗಾಜಿಗೆ, ಬ್ಲೌಸಿನ ಚಿತ್ರಗಳ ಪಕ್ಕದಲ್ಲಿ, ಬೀದಿಗೆ ಮುಖ ಮಾಡಿ ಅಂಟಿಸಿದಳು. ನನ್ನನ್ನು ಕೇಳಲಿಲ್ಲ. ಹೊರಗೆ ನನ್ನ ಜಿಲ್ಲೆಯೇ ಓಡಾಡುತ್ತಿತ್ತು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮೊದಲು ಒಬ್ಬ ಹಾಲಿನವನು ನಿಂತು ಓದಿದ. ಆಮೇಲೆ ಕಾಲೇಜಿನ ಇಬ್ಬರು ಹುಡುಗಿಯರು. ಬಿಸಿಲು ಕಾಗದದ ಹಿಂದಿನಿಂದ ಬಂದು ನನ್ನ ಅಕ್ಷರಗಳನ್ನು ತಿರುಗುಮುರುಗಾಗಿ ಅಂಗಡಿಯ ನೆಲದ ಮೇಲೆ ಚೆಲ್ಲಿತ್ತು. ನಂಜುಂಡ ಮತ್ತೆ ಮಿಷನ್ ತುಳಿಯತೊಡಗಿದ. ನಾನು ಚೊಂಬಿನ ನೀರು ಕುಡಿದೆ.

ಬ್ಲೌಸು ತೆಗೆದುಕೊಂಡು ಹೋಗಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, ತುಟಿ ಅಲ್ಲಾಡಿಸುತ್ತ ಕೊನೆಯ ಸಾಲಿನವರೆಗೂ ಓದಿದಳು. ಮತ್ತೆ ಒಳಗೆ ಇಣುಕಿ, "ಇದ್ರಲ್ಲಿ ಬರ್ದಿರೋ ರೈಟ್ರಮ್ಮ ಯಾರ್ ಜಯಕ್ಕಾ?" ಎಂದು ಕೇಳಿದಳು.

ಜಯಮ್ಮನೂ ನಂಜುಂಡನೂ ನನ್ನ ಕಡೆ ನೋಡಿದರು.

ಯಾವ ಸಾಹೇಬರೂ ಒಳಗೆ ಬಂದಿರಲಿಲ್ಲ. ನಾನು ಬೆಂಚಿನಿಂದ ಎದ್ದು ನಿಂತೆ.

"ನಾನೇ ಕಣಮ್ಮ" ಎಂದೆ.